ಐದು ಮಾದರಿಗಳ ಸಾಲು

ಭವ್ಯಾ ಮಗಳಿಗೆ ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿದ್ದಳಷ್ಟೆ, ಫೋನು ಹೊಡೆದುಕೊಂಡಿತು. ಹೊಸನಗರದಾಚೆಯ ಕಿರು ಜಲವಿದ್ಯುತ್ ಘಟಕದಿಂದ ಮಂಜುಶ್ರೀ. ಭವ್ಯಾ ಸಾಗರದ ಮನೆಯಲ್ಲೇ ಕೂತು ನೀರಿನ ಗೇಟು ನಡೆಸುವ ಲೆಕ್ಕ ಮಾಡಿ ಕಳಿಸುವುದು ಆ ಘಟಕಕ್ಕೇ. ಗಂಡ ಸಚಿನ್ ಅಲ್ಲೇ ಮೆಕ್ಯಾನಿಕ್.

“ಭವ್ಯಕ್ಕ, ಗೇಟು ತನ್ನಷ್ಟಕ್ಕೆ ಮೇಲೆ ಕೆಳಗೆ ಕುಣೀತಿದೆ. ಕಸ ತೆಗೆಯಕ್ಕೆ ಸಚಿನಣ್ಣ ಅದರಡಿಗೆ ಇಳಿದಿದ್ರು. ಗೋಡೆಗೆ ಅಂಟ್ಕೊಂಡು ನಿಂತಿದಾರೆ, ಹೊರಗೆ ಬರಕ್ಕಾಗ್ತಿಲ್ಲ.”

“ಕರೆಂಟ್ ತೆಗಿ.”

“ತೆಗೆದ್ರೆ ಗೇಟು ಪೂರ್ತಿ ಕೆಳಗೆ ಬೀಳತ್ತೆ. ನೀವು ನಿನ್ನೆ ಕಳಿಸಿದ ಪ್ರೋಗ್ರಾಮನ್ನ ಈಗಷ್ಟೇ ಮೊದಲ ಸಲ ಓಡಿಸಿದ್ದು. ನೀರು ಎರಡೇ ಅಡಿ ಇದೆ. ಬೇಗ ನೋಡಿ ಅಕ್ಕ.”

ಬಾಚಣಿಗೆ ನೆಲಕ್ಕೆ ಬಿತ್ತು. ಭವ್ಯಾ ಲ್ಯಾಪ್‌ಟಾಪ್ ತೆರೆದಳು. ಪಾಸ್‌ವರ್ಡ್ ಎರಡು ಸಲ ತಪ್ಪಿತು.

ನೀರು ಎರಡು ಅಡಿ ಇದ್ದಾಗ ಗೇಟು ಹೇಗೆ ವರ್ತಿಸುತ್ತದೆ ಎನ್ನುವುದಕ್ಕೆ ಒಂದು ಮಾದರಿ, ನಾಲ್ಕು ಅಡಿಗೆ ಮತ್ತೊಂದು. ಹೀಗೆ ಹತ್ತರವರೆಗೆ ಐದು. ಕಂಪ್ಯೂಟರು ಫೈಲುಗಳನ್ನು ತೋರಿಸಿದ ಕ್ರಮದಲ್ಲೇ ಅವನ್ನು ಒಂದರ ಪಕ್ಕ ಒಂದು ಕೂರಿಸಿ ಒಂದೇ ಸಾಲು ಮಾಡಿದ್ದಳು. ನೀರು ಎರಡು ಅಡಿ ಇದ್ದರೆ ಯಂತ್ರ ಸಾಲಿನ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ, ಅದರಂತೆ ಗೇಟಿಗೆ ಬಲ ಹಾಕುತ್ತದೆ.

ಒಂದೊಂದನ್ನೇ ತೆರೆದು ನೋಡಿದಳು. ಎಲ್ಲವೂ ಸರಿಯಾಗಿತ್ತು. ಹಾಗಾದರೆ ತಪ್ಪು ಎಲ್ಲಿ?

ಫೋನಿನಲ್ಲಿ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ನಡುವೆ ಸಚಿನ್ ಜೊತೆ ಕೆಲಸ ಮಾಡುವ ಪುಟ್ಟಪ್ಪನ ಗಂಟಲು: “ಸಚಿನಾ, ಹೊಟ್ಟೆ ಒಳಗೆಳ್ಕೊಳೋ. ಕಡುಬು ಸಾಕು ಅಂದ್ರೆ ಕೇಳ್ದೇನೋ ನೀನು?”

ಸಚಿನ್ ತಿರುಗಿ ಬೈಯಲಿಲ್ಲ. ಬೈದಿದ್ದರೆ ಭವ್ಯಾಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

“ಅಮ್ಮ...” ಒಂದು ಜಡೆಯ ಅಮಿತಾ ಪರದೆಯನ್ನೇ ನೋಡುತ್ತಿದ್ದಳು.

“ಒಂದ್ನಿಮಿಷ ಮರಿ.” ಗದರಲಿಲ್ಲ, ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಮತ್ತೆ ಮೊದಲಿನಿಂದ ನೋಡಿದಳು. ಅಂಕಿಗಳು ಕಣ್ಣೀರಿನಲ್ಲಿ ಕಲಸಿಹೋದವು.

“ಅಕ್ಕ, ಗೇಟು ಈ ಸಲ ಅವ್ರ ಭುಜದ ತನಕ ಬಂತು,” ಎಂದಳು ಮಂಜುಶ್ರೀ. ಅವಳೂ ಅಳುತ್ತಿದ್ದಳು.

ಅಮಿತಾ ಒಂದನೇ ಕ್ಲಾಸಿನ ಹುಡುಗಿ. ಅಮ್ಮ ಅಳುವಾಗ ಮಾತಾಡಬಹುದೋ ಬಾರದೋ ಅವಳಿಗೆ ತಿಳಿಯದು. ಕೊನೆಗೆ ಪರದೆಯಲ್ಲಿದ್ದ ಫೈಲುಗಳ ಪಟ್ಟಿಯ ಮೇಲ್ತುದಿಗೆ ಬೆರಳಿಟ್ಟಳು.

“ಅಮ್ಮ, ಎರಡು, ನಾಲ್ಕು, ಆರು, ಎಂಟು ಆದ್ಮೇಲೆ ಅಲ್ವಾ ಹತ್ತು? ಇಲ್ಲಿ ಯಾಕೆ ಹತ್ತು ಮೊದ್ಲೇ ಬಂದು ಕೂತಿದೆ?”