ಹೆಬ್ಬೆರಳಿನ ಅಳತೆ

“ತೊಂಬತ್ತಾರು!”

ಮುಚ್ಚಿದ ಬಾಗಿಲಾಚೆಯಿಂದ ಗಂಡನ ಕೂಗು ಬಂದ ಮೇಲೆಯೇ ಅವಳು ಹಾಲಿನ ಲೋಟವನ್ನು ಸ್ಟೂಲಿನ ಮೇಲಿಟ್ಟಿದ್ದು. ಐದು ದಿನದಿಂದ ಇದೇ ನಡೆದಿತ್ತು. ಅವಳು ಬಾಗಿಲು ತಟ್ಟುವುದು, ಒಳಗಿಂದ ಅವನು ಅಂಕಿ ಕೂಗುವುದು, ಅವಳು ಹಿತ್ತಿಲಿಗೆ ಹೋಗಿ ಪಕ್ಕದ ಮನೆಯ ನರ್ಸಮ್ಮನಿಗೆ ಅದನ್ನು ಮುಟ್ಟಿಸುವುದು.

“ತೊಂಬತ್ತಾರಂತೆ ಕಣಮ್ಮಾ.”

ನರ್ಸಮ್ಮ ಒಗೆದ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿದಳು. “ಬೆಳಿಗ್ಗೆನೂ ಅಷ್ಟೇ ಅಂದ್ರಿ, ನಿನ್ನೆನೂ ಅಷ್ಟೇ ಅಂದ್ರಿ. ಒಂದಾದ್ರೂ ಆಚೀಚೆ ಆಗ್ಬೇಕಲ್ಲಕ್ಕಾ? ನಾನೇ ಒಂದ್ಸಲ ಬಂದು ನೋಡ್ಲಾ?”

“ಬಾಗಿಲೇ ತೆಗೆಯಲ್ಲ ಅಂತಾರೆ. ಆಸ್ಪತ್ರೆಗೆ ಹೋಗೋಳಿಗೆ ಅಂಟಿದ್ರೆ ಹತ್ತು ಮನೆ ಕೆಡುತ್ತೆ ಅಂತ.”

“ತೊಂಬತ್ತೆರಡರ ಕೆಳಗೆ ಬಂದ್ರೆ ಗಳಿಗೆನೂ ಕಾಯಬೇಡಿ. ಅಣ್ಣಂದು ಹೊಗೆ ಕುಡಿದ ಎದೆ. ನಿಮ್ಮನ್ನ ನಾಲ್ಕು ದಿನಕ್ಕೆ ಬಿಟ್ಟ ಜ್ವರ ಅವರನ್ನೂ ನಾಲ್ಕೇ ದಿನಕ್ಕೆ ಬಿಡುತ್ತೆ ಅಂದ್ಕೋಬೇಡಿ.”

ಜ್ವರ ಮೊದಲು ಬಂದಿದ್ದು ಅವಳಿಗೇ. ಮೈ ಕೈ ನೋವು, ಗಂಟಲು ಕೆರೆತ, ಒಣಕೆಮ್ಮು. ನಾಲ್ಕನೆಯ ದಿನ ನರ್ಸಮ್ಮ ತನ್ನ ಚೀಲದಿಂದ ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರ ತೆಗೆದು ಬೆರಳಿಗೆ ಸಿಕ್ಕಿಸಿ, “ತೊಂಬತ್ತಾರು, ಗೆದ್ರಿ ಬಿಡಿ” ಅಂದಿದ್ದಳು. ಅಂದೇ ಸಂಜೆ ಗಂಡ ಮಲಗಿದ. ಅವನಿಗೆಂದು ನರ್ಸಮ್ಮ ಹೊಸದೊಂದು ಯಂತ್ರ ತಂದು, ಕಿಟಕಿಯಿಂದಲೇ ಕೊಟ್ಟು, ಹಿಂದಿರುವ ಪ್ಲಾಸ್ಟಿಕ್ ಪಟ್ಟಿ ಎಳೆದರೆ ಸೆಲ್ಲು ಹತ್ತಿಕೊಳ್ಳುತ್ತದೆ ಎಂದು ಎರಡೆರಡು ಸಲ ಹೇಳಿ ಹೋಗಿದ್ದಳು.

“ಗಾಳಿ ನೋಡೋದನ್ನ ನಂಗೇ ಹೇಳ್ಕೊಡ್ತಾಳೆ ನೋಡೇ ಇವಳು!” ಎಂದು ಅವನು ಒಳಗಿಂದ ನಕ್ಕಿದ್ದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವ ಹೊತ್ತಿಗೆ ಅವಳು ಎರಡು ತಟ್ಟೆ ತೊಳೆದು ಮುಗಿಸಿದ್ದಳು.

ನಗುವುದಕ್ಕೆ ಅವನಿಗೆ ಹಕ್ಕಿತ್ತು. ಬೀದಿ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟು ಇಪ್ಪತ್ತೇಳು ವರ್ಷ. ಊರಿಗೆಲ್ಲ ಅವನು ಗಾಳಿಯಣ್ಣ. ಟೈರಿನ ಮೇಲೆ ಹೆಬ್ಬೆರಳು ಊರಿ, ಬಾಯಲ್ಲಿ ಸಿಗರೇಟು ಕಚ್ಚಿಕೊಂಡೇ, “ಇಪ್ಪತ್ತೆಂಟು” ಅನ್ನುತ್ತಿದ್ದ. ಆಟೋದವರು ಪಂದ್ಯ ಕಟ್ಟಿ ಮೀಟರು ಹಿಡಿದು ನೋಡುತ್ತಿದ್ದರು. ಇಪ್ಪತ್ತೆಂಟೇ ಇರುತ್ತಿತ್ತು. ಅವನು ಹೇಳಿದ ಮೇಲೆ ಮೀಟರು ನೋಡುವುದನ್ನು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಂಡತಿಯಂತೂ ಬಿಟ್ಟೇ ಬಿಟ್ಟಿದ್ದಳು.

ಮೂರನೆಯ ದಿನ ಬಾಗಿಲ ಸಂದಿಯಿಂದ ಸಿಗರೇಟಿನ ವಾಸನೆ ಬಂದಿತ್ತು.

“ಈ ಸ್ಥಿತೀಲೂ ಸೇದ್ತಾ ಇದ್ದೀರೇನ್ರೀ?”

“ಹೊಗೆ ಹಾಕಿದ್ರೆ ಸೊಳ್ಳೆನೇ ಸಾಯುತ್ತೆ ಕಣೇ. ಈ ಹುಳ ಯಾವ ಮೂಲೆಗೆ?”

ಬೈಯಬೇಕೆಂದುಕೊಂಡವಳಿಗೂ ನಗು ಬಂದುಬಿಟ್ಟಿತ್ತು. ನಾಲ್ಕನೆಯ ದಿನ ವಾಸನೆ ಬರಲಿಲ್ಲ. ಬುದ್ಧಿ ಬಂತಲ್ಲ ಎಂದು ಸಮಾಧಾನಪಟ್ಟಳು. ಮೂವತ್ತು ವರ್ಷದಲ್ಲಿ ಬಿಡದ ಮನುಷ್ಯ ಒಂದೇ ದಿನಕ್ಕೆ ಯಾಕೆ ಬಿಟ್ಟ ಎಂದು ಯೋಚಿಸಲಿಲ್ಲ.

ಆರನೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದಳು. ಬಿಸಿಲು ಚೆನ್ನಾಗಿತ್ತು, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತಿದ್ದರು. ಒಳಗೆ ಸದ್ದಿಲ್ಲ. ಮತ್ತೆ ತಟ್ಟಿದಳು.

“ತೊಂಬತ್…”

ಅವಳು ಕಾದಳು.

“…ತಾರು.”

ನಡುವೆ ಒಂದು ಉಸಿರು. ಅದು ಒಳಗೆ ಹೋದ ಉಸಿರೋ ಹೊರಗೆ ಬಂದದ್ದೋ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲ ಬಳಿ ಬೆಳಗಿನ ಹಾಲು ಕೆನೆಗಟ್ಟಿ ಹಾಗೇ ಕೂತಿತ್ತು. ಅವಳು ಬಾಗಿಲು ನೂಕಿದಳು. ಚಿಲಕ ಹಾಕಿರಲಿಲ್ಲ. ಎದ್ದು ಹಾಕುವ ತ್ರಾಣ ಅವನಿಗೆ ಯಾವಾಗಿನಿಂದ ಇರಲಿಲ್ಲವೋ.

ಅವನು ಗೋಡೆಗೆ ಒರಗಿ ಕೂತಿದ್ದ. ತುಟಿಗೆ ಶಾಯಿ ಹಚ್ಚಿದ ಬಣ್ಣ. ಭುಜಗಳು ಪಂಪು ಹೊಡೆಯುವವನ ಹಾಗೆ ಮೇಲೆ ಕೆಳಗೆ ಆಡುತ್ತಿದ್ದವು. ಆದರೂ ಅವಳನ್ನು ಕಂಡು ನಗಲು ನೋಡಿದ. ಯಂತ್ರ ಕಿಟಕಿಯ ಕಟ್ಟೆಯ ಮೇಲೆ, ಸಿಗರೇಟು ಪೊಟ್ಟಣದ ಪಕ್ಕದಲ್ಲಿತ್ತು. ಅವಳು ಅದನ್ನೆತ್ತಿ ತಿರುಗಿಸಿದಳು. ಹಿಂಬದಿಯ ಸಂದಿಯಿಂದ ಪ್ಲಾಸ್ಟಿಕ್ ಪಟ್ಟಿ ಪುಟ್ಟ ನಾಲಿಗೆಯ ಹಾಗೆ ಇನ್ನೂ ಹೊರಚಾಚಿಕೊಂಡಿತ್ತು.

“ಎಳೆದೇ ಇಲ್ಲ… ರೀ, ಇದನ್ನ ಎಳೆದೇ ಇಲ್ಲ!”

“ಒತ್ತಿ ನೋಡ್ಕೊಂಡೆ ಕಣೇ.” ಅವನು ಹೆಬ್ಬೆರಳನ್ನು ಎದೆಗೂಡಿನ ಮೇಲೆ ಊರಿ ತೋರಿಸಿದ. “ದಿನಾ ಒತ್ತಿ… ನೋಡ್ಕೊಂಡೆ. ಗಟ್ಟಿಯಾಗೇ… ಇತ್ತು. ನಿಂದೂ ಅಷ್ಟೇ… ಇತ್ತಲ್ಲ. ಅದೇ ಜ್ವರ.” ಮತ್ತೊಂದು ಉಸಿರು ಎಳೆದುಕೊಂಡು ಕೇಳಿದ, “ನಾನು ಯಾವತ್ತಾದ್ರೂ… ತಪ್ಪಿದೀನಾ?”

ಅವಳು ಪಟ್ಟಿ ಎಳೆದಳು. ಹಳದಿಗಟ್ಟಿದ ಅವನ ಬೆರಳಿಗೆ ಯಂತ್ರ ಸಿಕ್ಕಿಸಿದಳು. ಕೆಂಪು ಗೆರೆಗಳು ಮಿನುಗಿ, ತಡಕಾಡಿ, ಎಪ್ಪತ್ತೆಂಟಕ್ಕೆ ನಿಂತವು. ಕೆಟ್ಟಿರಬೇಕು ಎಂದು ತನ್ನ ಬೆರಳಿಗೆ ಹಾಕಿಕೊಂಡಳು. ತೊಂಬತ್ತೆಂಟು ಬಂತು. ಮತ್ತೆ ಅವನಿಗೆ ಹಾಕಿದಳು. ಎಪ್ಪತ್ತೇಳು.

“ಎಷ್ಟಂತೆ?” ಅವನು ಕೇಳಿದ.

ಅವಳು ಹಿತ್ತಿಲಿಗೆ ಓಡಿದಳು.

ಆಂಬುಲೆನ್ಸ್ ಬರುವ ಹೊತ್ತಿಗೆ ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಯಾರೋ ಹಳೆಯ ಗಿರಾಕಿ, “ಏನಾಗಲ್ಲ ಬಿಡಮ್ಮಾ, ಗಾಳಿಯಣ್ಣನಿಗೆ ಗಾಳಿ ಕಮ್ಮಿ ಆಗೋದುಂಟಾ?” ಅಂದ.

ನರ್ಸಮ್ಮ ಡ್ರೈವರ್ ಪಕ್ಕ ಕೂತು ಆಸ್ಪತ್ರೆಗೆ ಫೋನು ಹಚ್ಚಿದ್ದಳು. “ಹೌದು, ಸೇದೋರು. ಮೂವತ್ತು ವರ್ಷದ ಮೇಲೇ ಆಯ್ತು. ಆರನೇ ದಿನ…” ಹಿಂತಿರುಗಿ ಕೇಳಿದಳು, “ಈಗ ಎಷ್ಟಕ್ಕಾ?”

ಆಕ್ಸಿಜನ್ ಮಾಸ್ಕಿನೊಳಗಿನ ಗಂಡನ ಮುಖ ಅವಳ ಕಡೆಗೇ ನೋಡುತ್ತಿತ್ತು. ಅವಳ ಒಂದು ಮುಷ್ಟಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಹಾಗೇ ಇತ್ತು. ಅವಳು ಅವನ ಬೆರಳ ಮೇಲಿನ ಅಂಕಿಯನ್ನು ಓದಿಕೊಂಡಳು.

“ತೊಂಬತ್ತಾರು,” ಎಂದು ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಆಮೇಲೆ ಮುಂದಕ್ಕೆ ಬಾಗಿ, ನರ್ಸಮ್ಮನ ಕಿವಿಯಲ್ಲಿ ನಿಜವಾದದ್ದನ್ನು ಹೇಳಿದಳು.

ಹೊದಿಕೆಯ ಅಂಚಿನಿಂದ ಹೊರಬಂದ ಅವನ ಹೆಬ್ಬೆರಳು ಸ್ಟ್ರೆಚರಿನ ರಬ್ಬರು ಅಂಚನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು.