ಎರಡು ಪಾಲಿನ ರಕ್ತ

ಕುಳಗಿ ಕಾಡಿನಂಚಿನ ಆ ಕೇರಿಗೆ ಚಳಿಜ್ವರ ಹೊಸದಲ್ಲ. ಆದರೆ ಕಾಶೆವ್ವನ ಮಗ ಶೇಖಪ್ಪನನ್ನು ಒಯ್ದದ್ದು ಚಳಿಜ್ವರವಲ್ಲ. ಕೀಲುನೋವಿನಿಂದ ಒದ್ದಾಡಿ, ಬಿಳಚಿಕೊಂಡು, ಐದರ ಪ್ರಾಯದಲ್ಲೇ ಹೋಗಿಬಿಟ್ಟ. "ಮಗನ್ನ ನುಂಗಿದಾಕಿ" ಎಂದರು ಜನ. ಗಂಡ ದುರ್ಗಪ್ಪ ಬಿದಿರು ಕಡಿಯಲು ಹೊರಟರೆ ಮಗ ಅವನ ಹೆಗಲೇರಿ ಹಳ್ಳದವರೆಗೆ ಹೋಗಿಬರುತ್ತಿದ್ದ. ಈಗಲೂ ಕಾಶೆವ್ವ ಆ ಹೊತ್ತಿಗೆ ಹಳ್ಳದ ದಾರಿಯನ್ನೇ ನೋಡುತ್ತಾಳೆ.

ದಾಂಡೇಲಿಯ ನರ್ಸ್ ಇಮಾಮಬಿ ರಕ್ತಪರೀಕ್ಷೆಗೆ ಬಂದಾಗ ಅವಳು ಬಾಗಿಲು ಮುಚ್ಚಹೋದಳು.

"ಹ್ವಾದ ಮಗಾ ನಿಮ್ಮ ಸೂಜಿಗೆ ಬರ್ತಾನೇನ್ರಿ ಬಾಯಾರ?"

"ಬರೂದಿಲ್ಲವ್ವಾ. ಆದ್ರ ಯಾಕ ಹ್ವಾದ ಅನ್ನೂದು ಗೊತ್ತಾಗಬಹುದು."

ಇಮಾಮಬಿ ಕಟ್ಟೆಯ ಮೇಲೆ ಕುಳಿತರು. "ರಕ್ತದ ಗುಣ ತಾಯಿಂದೊಂದು ಪಾಲು, ತಂದಿಂದೊಂದು ಪಾಲು ಬರ್ತೈತಿ. ಸುತ್ತಿನ ಹಳ್ಯಾಗ ನೋಡೇವಿ. ಎಳೇ ಮಕ್ಕಳಾಗ ನೂರಕ್ಕ ನಾಕು ಮಂದಿಗೆ ಎರಡೂ ಪಾಲು ಕೆಟ್ಟಿದ್ವು, ಮೂವತ್ತೆರಡು ಮಂದಿಗೆ ಒಂದು ಪಾಲು. ದೊಡ್ಡವರಾಗ ಎರಡೂ ಕೆಟ್ಟವರು ಒಬ್ಬರೂ ಸಿಗಲಿಲ್ಲ."

"ಬ್ಯಾರೆ ಊರಿಗೆ ದುಡ್ಯಾಕ ಹೋಗಿರಬೇಕು."

"ಹಂಗಿದ್ರ ಎಲ್ಲಾ ಥರದವರೂ ಹೋಗ್ತಿದ್ರು. ಒಂದು ಪಾಲು ಕೆಟ್ಟವರು ಕಡಿಮಿ ಆಗಿಲ್ಲ, ದೊಡ್ಡವರಾಗ ನೂರಕ್ಕ ನಲವತ್ತಾಗ್ಯಾರ! ಎರಡೂ ಕೆಟ್ಟವರು ಸಣ್ಣವರಿದ್ದಾಗನ ತೀರಿಕೊಳ್ತಾರ. ಪೂರಾ ಚಲೋ ರಕ್ತದವರನ್ನ ಚಳಿಜ್ವರ ಹೆಚ್ಚು ಕೊಲ್ತೈತಿ. ಒಂದು ಪಾಲಿನವರು ಆ ಜ್ವರಕ್ಕ ತಡಕೊಳ್ತಾರ. ಈ ಲೆಕ್ಕದ ಮ್ಯಾಲೆ ಗೊತ್ತಾತು, ಯಾರು ಉಳೀಬೇಕು ಅನ್ನೂದನ್ನ ಇಲ್ಲಿ ನಿಸರ್ಗನ ಆರಿಸ್ಯಾಡಾಕ ಹತ್ತೈತಿ."

ಕಾಶೆವ್ವ ಬೆರಳು ಚಾಚಿದಳು. ಗಂಡನ, ಮಗಳು ಮಾಲವ್ವನ ರಕ್ತವೂ ಪರೀಕ್ಷೆಗೆ ಹೋಯಿತು.

ಫಲಿತಾಂಶ ಬಂತು. ಮೂವರಿಗೂ ಒಂದೊಂದು ಪಾಲು ಕೆಟ್ಟಿತ್ತು. ಹೋದ ವರ್ಷ ಕೇರಿಯ ಹಲವು ಮಕ್ಕಳು ಚಳಿಜ್ವರಕ್ಕೆ ಬಲಿಯಾದಾಗ ಮಾಲವ್ವ ಉಳಿದಿದ್ದಳು.

"ನಮ್ಮಿಬ್ಬರದೂ ಕೂಡಿ ಅವಗ ಮುಟ್ಟೇತಿ. ನಿಂದೊಂದ ತಪ್ಪಲ್ಲ," ಎಂದ ದುರ್ಗಪ್ಪ.

"ಯಾರ ತಪ್ಪೂ ಅಲ್ಲ," ಎಂದರು ಇಮಾಮಬಿ.

"ಮೊದಲ ಗೊತ್ತಿದ್ರ ಉಳೀತಿದ್ನೇನ್ರಿ?" ಎಂದಳು ಕಾಶೆವ್ವ.

"ಹೇಳಾಕಾಗೂದಿಲ್ಲ. ಆದ್ರ ನೋವಿಗೆ, ಜ್ವರಕ್ಕ ಔಷಧ ಕೊಡಬಹುದಿತ್ತು."

ಮಾಲವ್ವನ ತಲೆಯನ್ನು ಎದೆಗೊತ್ತಿಕೊಂಡು ಕಾಶೆವ್ವ ಅತ್ತಳು. ಒಂದು ಪಾಲಾಗಿ ಒಬ್ಬಳನ್ನು ಕಾಯ್ದದ್ದೇ ಎರಡು ಪಾಲಾಗಿ ಇನ್ನೊಬ್ಬನನ್ನು ಕಸಿದಿತ್ತು. ಮಗನ ಹಂಬಲ ತೀರಲಿಲ್ಲ. ಆದರೆ ಮರುದಿನ ಅವಳೇ ಇಮಾಮಬಿಯ ಮುಂದೆ ನಡೆದು, ನೆರೆಮನೆಯ ಬಾಗಿಲು ಬಡಿದಳು.

ತಾಯಂದಿರೇ, ತಂದೆಯರೇ, ನಿಮ್ಮ ಕೂಸು ಬಿಳಚಿಕೊಂಡು ಕೀಲುನೋವೆಂದು ಅತ್ತರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಹೆತ್ತವಳನ್ನು ದೂರಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ಹನಿ ರಕ್ತ ಕೊಡಿ, ಕೂಸು ನಿಮ್ಮ ಕೈಯಲ್ಲಿರುವಾಗಲೇ.