ಮಂಡಲ ಅಂದ ಮೇಲೆ

ಚಿಗಟೇರಿಯ ಪಾಲಾಕ್ಷಪ್ಪನ ಬಾವಿಗೆ ಕರೆಂಟಿನ ಮೋಟಾರು ಬಂದು ಎರಡೇ ವರ್ಷ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅದು ಮೂರನೇ ಸಲ ಕೈಕೊಟ್ಟಿತ್ತು. ರಿಪೇರಿಗೆ ಬಂದ ಕೊಟ್ಟೂರಿನ ಮೇಸ್ತ್ರಿ ಕಮಾಲಸಾಬ ಬಾವಿಗೋಡೆಯ ಕಲ್ಲುಮೆಟ್ಟಿಲು ಇಳಿದು, ಮೋಟಾರಿನ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತಿದ್ದ. ಮೇಲೆ ದಂಡೆಯಲ್ಲಿ ಪಾಲಾಕ್ಷಪ್ಪನ ಜೊತೆ ಹರಪನಹಳ್ಳಿಯ ಮಕ್ತುಂ ಸಾಬ್ ಇದ್ದರು. ಕಮಾಲಸಾಬನ ಮಗಳು ಹಮೀದಾಳನ್ನು ತಮ್ಮ ಮಗನಿಗೆ ತಂದುಕೊಳ್ಳುವ ಮಾತು ಮುಗಿಸಲು ಕೊಟ್ಟೂರಿಗೆ ಹೋದವರು, ಬೀಗನಾಗುವವನು ಕೆಲಸಕ್ಕೆ ಹೋಗಿದ್ದಾನೆಂದು ತಿಳಿದು ಇಲ್ಲಿಗೇ ಬಂದಿದ್ದರು.

ಅಷ್ಟರಲ್ಲಿ ಗೋಡೆಯ ಸಂದಿಯಿಂದ ಒಂದು ದಪ್ಪ ಹಾವು ಹೊರಬಂದು, ಕಮಾಲಸಾಬನ ಪಾದಕ್ಕೆ ನಾಲಿಗೆ ತಾಗಿಸಿ, ಅದರ ಮೇಲೆಯೇ ಹಾದು, ಅವನು ಹತ್ತಿಹೋಗಬೇಕಾದ ಮೊದಲ ಮೆಟ್ಟಿಲ ಮೇಲೆಯೇ ಸುತ್ತಿಕೊಂಡಿತು. ಮೈತುಂಬ ವಿಷದ ಮಂಡಲದ ಹಾವಿಗಿರುವಂಥ ಕಂದು ಮಚ್ಚೆ. ಆದರೆ ಕುತ್ತಿಗೆಗಿಂತ ತಲೆ ಅಗಲವಿಲ್ಲ, ಬಾಲ ಮೊಂಡು. ಕಂಡ ಕೂಡಲೇ ಅವನಿಗೆ ಗೊತ್ತಾಯಿತು, ಅದು ಮಣ್ಣುಮುಕ್ಕ.

ವಿಷವಿಲ್ಲದ ಬಡಪಾಯಿ ಅದು. ಆದರೆ ಅದು ನೆಕ್ಕಿದರೆ ಮೈಗೆ ತೊನ್ನು ಹತ್ತುತ್ತದೆ, ಮನೆಮಂದಿಗೆಲ್ಲ ಹಬ್ಬುತ್ತದೆ ಎಂದು ಈ ಸೀಮೆಯವರೆಲ್ಲ ನಂಬಿಕೊಂಡಿದ್ದರು. ಯಾರು ನೋಡಿದ್ದರೋ ದೇವರೇ ಬಲ್ಲ. ಅಂಥ ಮನೆಯ ಹೆಣ್ಣನ್ನು ಯಾರೂ ತರುವುದಿಲ್ಲ ಎಂಬುದು ಮಾತ್ರ ಕಮಾಲಸಾಬನಿಗೆ ಚೆನ್ನಾಗಿ ಗೊತ್ತಿತ್ತು.

ಅದ್ಯಾವ ಹಾವು ಎಂದು ಪಾಲಾಕ್ಷಪ್ಪ ಮೇಲಿನಿಂದ ಕೂಗಿದ.

"ಮಂಡಲ ಐತ್ರಿ," ಎಂದುಬಿಟ್ಟ ಕಮಾಲಸಾಬ. ಮೈಗೆ ತಾಗಿಲ್ಲ ಎಂದೂ ಸೇರಿಸಿದ.

ಹೊಡೆಯಲು ಜನ ಕರೆತರುತ್ತೇನೆಂದು ಪಾಲಾಕ್ಷಪ್ಪ ಊರಿಗೆ ಓಡಿದ. ಕಮಾಲಸಾಬ ಸಿಕ್ಕಿಬಿದ್ದ. ಮಣ್ಣುಮುಕ್ಕ ಅಂದಿದ್ದರೆ ದಾಟಿ ಹತ್ತಿಬಿಡಬಹುದಿತ್ತು. ಕಚ್ಚಿದರೆ ಹೆಣವೇ ಬೀಳುವ ಮಂಡಲ ಅಂದ ಮೇಲೆ ದಾಟುವುದು ಹೇಗೆ? ಜನ ಬಂದು ಹೊಡೆದು ಮೇಲೆತ್ತಿದರೆ ಮೊಂಡು ಬಾಲ ಎಲ್ಲರಿಗೂ ಕಾಣುತ್ತದೆ. ಆ ಹಾವು ನಿಜಕ್ಕೂ ಮಂಡಲವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನಿಸಿ, ತನ್ನ ಮೇಲೆ ತನಗೇ ಅಸಹ್ಯವಾಯಿತು.

ತಲೆಯೆತ್ತಿದರೆ, ಮಕ್ತುಂ ಸಾಬರು ಬಡಿಗೆ ಹಿಡಿದು ಇಳಿಯುತ್ತಿದ್ದಾರೆ. ಅರವತ್ತು ದಾಟಿದ ಜೀವ, ಮೊಣಕಾಲು ನೋವು ಬೇರೆ.

"ನೀವೊಬ್ರ ಕೆಳಗ ಸಾಯೂದನ್ನ ನೋಡಕೊಂತ ಕುಂದ್ರಂಗಿಲ್ರಿ ಬೀಗ್ರ," ಎಂದರು.

ಮೇಲಿನಿಂದ ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿತು. ಗೋಡೆ ಹಿಡಿದು ಎರಡನೇ ಮೆಟ್ಟಿಲಲ್ಲೇ ಹೇಗೋ ನಿಂತರು. ಕಿತ್ತುಬಂದ ಮೆಟ್ಟಿಲ ಕಲ್ಲು ನೀರಿಗೆ ಬಿತ್ತು. ಇಂಥ ಮನುಷ್ಯನ ಮನೆಗೆ ಮಗಳು ಸೇರಬೇಕು, ಆದರೆ ಈ ಮನುಷ್ಯನನ್ನು ಕೊಂದು ಸೇರುವುದು ಬೇಡ.

"ಬರಬ್ಯಾಡ್ರಿ. ಮಂಡಲ ಅಲ್ರಿ, ಮಣ್ಣುಮುಕ್ಕ ಐತಿ. ನನ್ನ ಕಾಲು ನೆಕ್ಕೈತಿ."

ಮಕ್ತುಂ ಸಾಬರು ಅಲ್ಲಿಂದಲೇ ತಿರುಗಿ ಮೇಲೆ ಹತ್ತಿದರು.

ಕಮಾಲಸಾಬ ಹಾವನ್ನು ದಾಟಿ ಬಂದ. ಅದು ಅಲುಗಲೂ ಇಲ್ಲ. ಮೂರನೇ ಮೆಟ್ಟಿಲ ಕಲ್ಲು ಕಿತ್ತುಹೋಗಿದ್ದರಿಂದ ಅದರ ಮೇಲಿನದು ಈಗ ಎದೆಮಟ್ಟದ ಎತ್ತರ, ಮೇಲಿದ್ದವರು ಕೈಕೊಡದೆ ಹತ್ತಲು ಆಗದು. ಅವನು ಕೈ ಚಾಚಿದ.

ಮಂಡಲಕ್ಕೂ ಹೆದರದೆ ಇಳಿದು ಬಂದಿದ್ದ ಮಕ್ತುಂ ಸಾಬರು ತಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡು ಬಡಿಗೆಯ ತುದಿಯನ್ನು ಮುಂದೆ ಚಾಚಿದರು.

"ಇದನ್ನ ಹಿಡಕೊಂಡು ಹತ್ರಿ, ಮೇಸ್ತ್ರಿ," ಎಂದರು.